ಬೋಟಿಗೆ ಮದ್ದು ಹಾಕಿದ ಮಳೆಗಾಲ

ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದಿತೆಂದರೆ ಬೆಳ್ತಂಗಡಿಯ ನನ್ನ ಸಣ್ಣ ವರ್ಕ್‌ಶಾಪಿಗೆ ಹುಲ್ಲು ಕತ್ತರಿಸುವ ಮೆಷಿನ್‌ಗಳ ಸವಾರಿ ಸುರು. ಎಲ್ಲರದ್ದೂ ಒಂದೇ ದೂರು: ಎಳೆದು ಎಳೆದು ಕೈ ಸೋತಿತು, ಸ್ಟಾರ್ಟ್ ಆಗುವುದಿಲ್ಲ. ಕಳೆದ ವಾರ ನಾರಾವಿ ಕಡೆಯಿಂದ ಬಂದವರೊಬ್ಬರು ಮೆಷಿನನ್ನು ಮೇಜಿನ ಮೇಲಿಟ್ಟು, "ಪೆಟ್ರೋಲ್ ಮೊನ್ನೆ ಮೊನ್ನೆ ಹಾಕಿದ್ದು ಅಕ್ಕ, ಅದರದ್ದೇನೂ ತೊಂದರೆ ಇಲ್ಲ" ಎಂದು ಮೊದಲೇ ತೀರ್ಪು ಕೊಟ್ಟರು. ನಾನು ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದೆ. ಹೊಸ ಪೆಟ್ರೋಲಿನ ವಾಸನೆ ಮೂಗಿಗೆ ಹಾರಿ ಬರುತ್ತದೆ. ಹಳೆಯದು ಹಾಗಲ್ಲ, ವಾರ್ನಿಶ್‌ಗೆ ಹುಳಿ ಬಂದ ಹಾಗೆ ನಿಧಾನಕ್ಕೆ ಬಂದು ಗಂಟಲಿನ ಹಿಂದೆ ಕೂತುಕೊಳ್ಳುತ್ತದೆ. "ಮೊನ್ನೆ ಅಂದ್ರೆ ಯಾವ ಮೊನ್ನೆ?" ಎಂದು ಕೇಳಿದೆ. "ಮಳೆ ಸುರುವಾಗುವ ಮೊದಲು" ಎಂದರು, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ. ಬೇರೆ ದಿನವಾಗಿದ್ದರೆ ಸರಿಯಾಗಿ ಬೈದು ಕಳಿಸುತ್ತಿದ್ದೆ. ಆದರೆ ಆ ವಾಸನೆ ಅಷ್ಟರಲ್ಲಿ ನನ್ನನ್ನು ಬಂಟ್ವಾಳಕ್ಕೆ, ದೊಡ್ಡಪ್ಪನ ಬೋಟಿನ ಶೆಡ್ಡಿಗೆ ಕರೆದುಕೊಂಡು ಹೋಗಿಯಾಗಿತ್ತು.

ನಾನು ಮೂಡುಬಿದಿರೆಯವಳು. ಅಲ್ಲಿಯೇ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಬಿ.ಸಿ. ರೋಡಿನ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ವರ್ಷ ಅದು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಬೇಡವೆಂದು ಅಮ್ಮ ನನ್ನನ್ನು ಬಂಟ್ವಾಳ ಪೇಟೆಯಲ್ಲಿದ್ದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಳು. ಕೂತಲ್ಲಿ ಕೂರುವವಳಲ್ಲ ನಾನು. ಊಟ ಮಾಡುವಾಗಲೂ ತಟ್ಟೆ ಹಿಡಿದುಕೊಂಡು ಜಗಲಿಗೆ ಹೋಗಿ, ಅಲ್ಲಿಂದ ಹಿತ್ತಿಲಿಗೆ ಹೋಗಿ, ನದಿಯಲ್ಲಿ ನೀರು ಎಷ್ಟಿದೆ ನೋಡಿ ಬರುತ್ತಿದ್ದೆ. "ಇವಳ ಕಾಲಿಗೆ ಚಕ್ರ ಉಂಟು" ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು, "ಒಂದು ಹಗ್ಗ ತಂದು ಕಂಬಕ್ಕೆ ಕಟ್ಟಿ ಹಾಕಿದ್ರೆ ಕಂಬ ಎಳ್ಕೊಂಡು ಹೋಗ್ತಾಳೆ."

ಆ ಮನೆಯ ಮುಂಬಾಗಿಲು ಪೇಟೆಯ ರಸ್ತೆಗೆ, ಹಿಂಬಾಗಿಲು ನೇತ್ರಾವತಿಗೆ. ಮನೆಯ ಪಕ್ಕದಿಂದ ಒಂದು ಓಣಿ ನದಿಯ ಕಡೆಗೆ ಇಳಿಯುತ್ತದೆ. ಎರಡೂ ಬದಿಗೆ ಮನೆಗಳು, ಇಳಿದಷ್ಟೂ ತಗ್ಗು, ಕೊನೆಗೆ ಕಲ್ಲಿನ ಮೆಟ್ಟಿಲು, ಆಮೇಲೆ ನೀರು. ಓಣಿಯ ಗೋಡೆಗಳ ಮೇಲೆ ಹಳೆಯ ನೆರೆಗಳ ಕಂದು ಗೆರೆಗಳು ಒಂದರ ಮೇಲೊಂದು ಇದ್ದವು. ಮಕ್ಕಳ ಎತ್ತರ ಅಳೆದು ಗುರುತು ಹಾಕಿದಂತೆ ಜನ ಅವುಗಳನ್ನು ತೋರಿಸುತ್ತಿದ್ದರು. ಘಟ್ಟದಲ್ಲಿ ಜೋರು ಮಳೆಯಾಗಿ, ಮೇಲಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಅದನ್ನು ಸೇರುವ ನದಿಯೂ ತುಂಬಿ ಕೂಡಿಕೊಂಡವೆಂದರೆ ಇಲ್ಲಿ ಒಂದು ಹನಿ ಮಳೆ ಬರದಿದ್ದರೂ ಓಣಿಗೆ ನೀರು ಹತ್ತುತ್ತದೆ.

ದೊಡ್ಡಪ್ಪನ ಹೆಸರು ವಾಸುದೇವ, ಓಣಿಗೆಲ್ಲ ವಾಸಣ್ಣ. ಕಲ್ಲಡ್ಕದ ಆಚೆ ಅವರಿಗೆ ಅಡಿಕೆ ತೋಟವಿತ್ತು. ಆದರೆ ಅವರ ಮನಸ್ಸೆಲ್ಲ ಇದ್ದದ್ದು ಒಂದು ಬೋಟಿನ ಮೇಲೆ. ಹಿಂದೊಮ್ಮೆ ದೊಡ್ಡ ನೆರೆ ಬಂದು, ಓಣಿಯವರು ಮಾಡಿನ ಮೇಲೆ ಕೂತು ಸಹಾಯಕ್ಕೆ ಕಾದ ಮೇಲೆ, ಎಲ್ಲ ಮನೆಯವರೂ ಸೇರಿ ಒಂದು ಫೈಬರ್ ಬೋಟ್ ಮತ್ತು ಅದರ ಹಿಂಭಾಗಕ್ಕೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಕೊಂಡಿದ್ದರು. ಅದರ ಉಸ್ತುವಾರಿ ದೊಡ್ಡಪ್ಪನದ್ದು. ನಮ್ಮ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಬೋಟು ಮಲಗಿರುತ್ತಿತ್ತು. ಎಂಜಿನ್ ಮರದ ಸ್ಟ್ಯಾಂಡಿನ ಮೇಲೆ, ಅದಕ್ಕೊಂದು ಹಳೆಯ ಬೆಡ್‌ಶೀಟಿನ ಹೊದಿಕೆ. ಪಕ್ಕದಲ್ಲಿ ಕೆಂಪು ಪೆಟ್ರೋಲ್ ಟ್ಯಾಂಕ್.

ಮೇ ಕೊನೆಯ ಒಂದು ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಸ್ನಾನ ಮಾಡಿ, ಪಂಚೆ ಬದಲಿಸಿ, ಕಪಾಟಿನಿಂದ ಒಂದು ಬಾಟಲಿ ತೆಗೆದರು. ಒಳಗೆ ಕೆಂಪು ಛಾಯೆಯ ದ್ರವ. ದುಬೈಯಲ್ಲಿ ಬೋಟ್ ಯಾರ್ಡಿನಲ್ಲಿ ಕೆಲಸಕ್ಕಿದ್ದ ಸ್ನೇಹಿತನ ಮಗ ರಜೆಗೆ ಬಂದಾಗ ತಂದುಕೊಡುತ್ತಿದ್ದನಂತೆ. ಇಟ್ಟ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಅದು. ದೊಡ್ಡಪ್ಪ ಅದಕ್ಕೆ ಮದ್ದು ಎನ್ನುತ್ತಿದ್ದರು. "ತೋಟಕ್ಕೆ ಮದ್ದು ಬಿಟ್ಟಾಯ್ತು, ಇನ್ನು ಬೋಟಿಗೆ" ಎಂದು ಹೇಳಿ, ಅಳತೆಯ ಮುಚ್ಚಳದಲ್ಲಿ ಹಿಡಿದು, ಟ್ಯಾಂಕಿಗೆ ಹೊಯ್ದು, ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಓಣಿಯ ನಾಲ್ಕಾರು ಜನ ನೋಡಲು ಬಂದಿದ್ದರು. ದೊಡ್ಡಮ್ಮ ಎಲ್ಲರಿಗೂ ಚಹಾ ಕೊಟ್ಟರು. ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನಿನ ಕಾಲು ಇಳಿಸಿ, ದೊಡ್ಡಪ್ಪ ಹಗ್ಗ ಎಳೆದರು. ಒಂದಲ್ಲ, ಎರಡಲ್ಲ, ಭುಜ ಸೋಲುವಷ್ಟು ಸಲ ಎಳೆದರು. ಕೊನೆಗೆ ಕೆಮ್ಮುತ್ತಾ ಎದ್ದಿತು. ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿದರು. ಬಂದವರೆಲ್ಲ ಸಮಾಧಾನದಿಂದ ಮನೆಗೆ ಹೋದರು. ಓಣಿಯ ಮಳೆಗಾಲದ ತಯಾರಿ ಅಲ್ಲಿಗೆ ಮುಗಿದ ಹಾಗೆ.

ನನಗೆ ಮಾತ್ರ ಕಿವಿಯಲ್ಲಿ ಆ ಕೆಮ್ಮು ಉಳಿಯಿತು. ದಿನವಿಡೀ ಎಂಜಿನ್‌ಗಳ ಮಧ್ಯೆ ಇರುವವಳಿಗೆ ಹಸಿದ ಎಂಜಿನಿನ ಸದ್ದು ಗೊತ್ತಾಗದೆ ಇರುತ್ತದೆಯೇ? ಎಲ್ಲರೂ ಹೋದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಅದೇ ವಾರ್ನಿಶ್, ಅದೇ ಹುಳಿ.

"ದೊಡ್ಡಪ್ಪ, ಈ ಪೆಟ್ರೋಲ್ ಯಾವಾಗಿನದ್ದು?"

"ಆಯುಧಪೂಜೆಯದ್ದು. ಪೂಜೆಯ ದಿನ ಟ್ಯಾಂಕ್ ತುಂಬಿಸಿ ಇಡುವುದು. ಬರಿದು ಇಡ್ಬಾರ್ದು ಅಲ್ವಾ?"

ಆಯುಧಪೂಜೆ ಎಂದರೆ ನವರಾತ್ರಿಗೆ. ಅಲ್ಲಿಂದ ಇಡೀ ಚಳಿಗಾಲ, ಇಡೀ ಬೇಸಿಗೆ, ನದಿಯ ಪಸೆಯಲ್ಲಿ ಆ ಟ್ಯಾಂಕು ಹಾಗೆಯೇ ಕೂತಿತ್ತು. ನಾನು ಬಾಟಲಿ ತೆಗೆದುಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆ. ಬರೆದದ್ದು ಸ್ಪಷ್ಟವಿತ್ತು: ಎಂಜಿನಿಗೆ ವಿಶ್ರಾಂತಿ ಕೊಡುವ ಮೊದಲು, ಹೊಸ ಪೆಟ್ರೋಲಿಗೆ ಸೇರಿಸಿ, ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಇಡಬೇಕು. ಕೆಟ್ಟ ಪೆಟ್ರೋಲನ್ನು ಇದು ಸರಿ ಮಾಡುವುದಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಅದನ್ನು ನಾನೂ ಓದಿದ್ದೇನೆ" ಎಂದರು ದೊಡ್ಡಪ್ಪ. "ಮೊದಲೇ ಹಾಕ್ಬೇಕು ಅಂತ ಉಂಟು. ನಾವು ಮೊದಲೇ ಹಾಕಿದ್ದಲ್ವಾ? ಮಳೆ ಎಲ್ಲಿ ಬಂದಿದೆ ಇನ್ನೂ?"

ಆಗ ನನಗೆ ಅರ್ಥವಾಯಿತು. ಅಡಿಕೆಗೆ ಕೊಳೆರೋಗ ಬರುವುದು ಮಳೆಯಲ್ಲಿ, ಹಾಗಾಗಿ ಮೈಲುತುತ್ತು, ಸುಣ್ಣದ ಮದ್ದನ್ನು ಮಳೆಗೆ ಮೊದಲೇ ಬಿಡಬೇಕು. ಹುಟ್ಟಿದಂದಿನಿಂದ ದೊಡ್ಡಪ್ಪ ನೋಡಿದ್ದು ಅದನ್ನೇ. ಬಾಟಲಿಯ ಮೇಲೆ 'ಮೊದಲು' ಎಂದಿದ್ದರೆ ಅವರಿಗೆ ಅದು ಮಳೆಗಾಲಕ್ಕೆ ಮೊದಲು. ಎಂಜಿನ್ ದುಡಿಯುವುದು ಮಳೆಯಲ್ಲಿ, ರೋಗ ಬರುವುದೂ ಮಳೆಯಲ್ಲಿಯೇ ಇರಬೇಕು ಎಂದು ಅವರ ಲೆಕ್ಕ. ಪೆಟ್ರೋಲಿಗೆ ರೋಗ ಬರುವುದು ಅದು ಸುಮ್ಮನೆ ಕೂತ ತಿಂಗಳುಗಳಲ್ಲಿ ಎಂದು ನಾನು ವಾದಿಸಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಹೆಚ್ಚು, ಅದು ಗಾಳಿಯ ಪಸೆಯನ್ನು ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ಅಡಿಗೆ ಕೂರುತ್ತದೆ, ಎಂಜಿನಿಗೆ ಪೆಟ್ರೋಲ್ ಎಳೆಯುವ ಕೊಳವೆಯೂ ಅಡಿಯಲ್ಲೇ ಇರುವುದು ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ಇಷ್ಟು ವರ್ಷ ಹೊರಟಿದೆ."

"ಇಷ್ಟು ವರ್ಷದ ಪೆಟ್ರೋಲ್ ಬೇರೆ ದೊಡ್ಡಪ್ಪ. ಇದನ್ನು ಚೆಲ್ಲಿ ಹೊಸತು ಹಾಕುವ."

"ಪೂಜೆ ಮಾಡಿ ತುಂಬಿಸಿದ್ದನ್ನು ಚೆಲ್ಲುವುದಾ?" ಎಂದು ಅವರು ಬೆಡ್‌ಶೀಟ್ ಎಳೆದು ಎಂಜಿನಿಗೆ ಹೊದೆಸಿದರು. ಮಾತು ಮುಗಿಯಿತು ಎಂದು ಅದರ ಅರ್ಥ.

ಜೂನ್ ಬಂತು. ಮಳೆ ಮೊದಲು ಹುಡುಗಾಟಕ್ಕೆ ಬಂದಂತೆ ಬಂದು, ಆಮೇಲೆ ಹಗಲೂ ರಾತ್ರಿಯೂ ಸುರಿಯತೊಡಗಿತು. ಒಗೆದ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಹೊತ್ತುವುದಿಲ್ಲ, ನನ್ನ ಮನಸ್ಸು ನಿಲ್ಲುವುದಿಲ್ಲ. ಕೆಲಸಕ್ಕೆ ಹೋಗುವ ಮೊದಲು ಮೆಟ್ಟಿಲಿನ ಹತ್ತಿರ ಹೋಗಿ ನೀರು ನೋಡುತ್ತಿದ್ದೆ, ಬಂದ ಕೂಡಲೇ ಮತ್ತೆ ನೋಡುತ್ತಿದ್ದೆ. ಸರ್ವಿಸ್ ಸೆಂಟರಿನಲ್ಲಿ ಸ್ಪ್ಯಾನರ್ ಕೈಯಲ್ಲಿದ್ದರೂ ಕಣ್ಣು ಮೊಬೈಲಿನ ಮೇಲೆ. ಧರ್ಮಸ್ಥಳದ ಸ್ನಾನಘಟ್ಟದಲ್ಲಿ ನೀರು ಏರಿದೆ ಎಂದು ಯಾರೋ ವಿಡಿಯೋ ಹಾಕಿದರೆ ಸ್ಪ್ಯಾನರ್ ಕೆಳಗಿಟ್ಟು ದೊಡ್ಡಮ್ಮನಿಗೆ ಫೋನ್ ಮಾಡುತ್ತಿದ್ದೆ. ಒಂದು ದಿನ ದೊಡ್ಡಪ್ಪ ತೋಟಕ್ಕೆ ಹೋಗಿದ್ದಾಗ ಟ್ಯಾಂಕಿನ ಅಡಿಯಿಂದ ಒಂದಿಷ್ಟು ಪೆಟ್ರೋಲನ್ನು ಕೊಳವೆ ಹಾಕಿ ಎಳೆದು ಗಾಜಿನ ಬಾಟಲಿಗೆ ತುಂಬಿಸಿ, ಶೆಡ್ಡಿನ ಕಿಟಕಿಯಲ್ಲಿ ಇಟ್ಟೆ. ಮರುದಿನ ನೋಡಿದರೆ ಬಾಟಲಿಯಲ್ಲಿ ಎರಡು ಪದರ. ಮೇಲೆ ಹಳದಿ, ಕೆಳಗೆ ಮಸುಕು ನೀರು. ದೊಡ್ಡಪ್ಪನೂ ಅದನ್ನು ನೋಡಿದರು. ಎತ್ತಿ ಬೆಳಕಿಗೆ ಹಿಡಿದರು, ಇಟ್ಟರು. ಕೊಡೆ ಹಿಡಿದು ತೋಟಕ್ಕೆ ಹೊರಟುಹೋದರು. ಅದರಿಂದ ನನ್ನ ಚಡಪಡಿಕೆ ಇಮ್ಮಡಿಯಾಯಿತು. ಬೈದಿದ್ದರೆ ವಾಸಿಯಿತ್ತು.

ಓಣಿಯ ತೀರಾ ಕೆಳಗಿನ ಮನೆ ಲೀಲಕ್ಕನದ್ದು. ಗಂಡ ಮುಂಬೈಯ ಹೋಟೆಲಿನಲ್ಲಿ. ಮನೆಯಲ್ಲಿ ಅವರು, ಮತ್ತೆ ಪಕ್ಷವಾತ ಬಡಿದು ಹಾಸಿಗೆ ಹಿಡಿದಿದ್ದ ಅತ್ತೆ ಗಿರಿಜಮ್ಮ. ಗಿರಿಜಮ್ಮನಿಗೆ ಮಾತು ಹೋಗಿತ್ತು. ಆದರೆ ಮಂಚದಿಂದ ಎತ್ತಿದರೆ ಸಾಕು, ಓಣಿಯ ತುದಿಗೆ ಕೇಳುವಂತೆ ಕೂಗುತ್ತಿದ್ದರು. ಮೇಲೆ ರಸ್ತೆಯ ಆಚೆ ಅವರ ನೆಂಟರ ಮನೆಯಿತ್ತು. ಹಿಂದೊಂದು ಸಲ ಲೀಲಕ್ಕ ಮೊದಲೇ ಹೆದರಿ ಅತ್ತೆಯನ್ನು ಅಲ್ಲಿಗೆ ಸಾಗಿಸಿದ್ದರು. ನೀರು ಬರಲೇ ಇಲ್ಲ. ನೆಂಟರು ನಕ್ಕರು, ಅತ್ತೆ ವಾರವಿಡೀ ಅನ್ನ ಬಿಟ್ಟರು. ಅಂದಿನಿಂದ ಲೀಲಕ್ಕ ನೀರು ಮೆಟ್ಟಿಲು ದಾಟುವವರೆಗೆ ಅಲ್ಲಾಡುವುದಿಲ್ಲವೆಂದು ನಿಶ್ಚಯಿಸಿದ್ದರು.

"ಹೆದರುವುದು ಎಂತಕ್ಕೆ ಮಾರಾಯ್ತಿ" ಎಂದು ನನಗೇ ಧೈರ್ಯ ಹೇಳುತ್ತಿದ್ದರು. "ಬೋಟ್ ಉಂಟಲ್ಲ, ವಾಸಣ್ಣ ಇದ್ದಾರಲ್ಲ. ನೀರು ಬಾಗಿಲಿಗೆ ಬಂದ್ರೆ ಬೋಟೂ ಬಾಗಿಲಿಗೆ ಬರ್ತದೆ. ಅತ್ತೆಯನ್ನು ಮಂಚದಿಂದ ಸೀದಾ ಬೋಟಿಗೆ."

ಅವರ ಧೈರ್ಯವೆಲ್ಲ ಹೋಗಿ ನಿಂತದ್ದು ಎರಡು ಪದರವಾದ ಆ ಪೆಟ್ರೋಲಿನ ಮೇಲೆ. ಹೇಳೋಣವೆಂದರೆ ದೊಡ್ಡಪ್ಪನ ಮರ್ಯಾದೆ, ಹೇಳದಿದ್ದರೆ ಗಿರಿಜಮ್ಮನ ಜೀವ. ನಾನು ಉಣ್ಣುವುದು ದೊಡ್ಡಪ್ಪನ ಮನೆಯಲ್ಲಿ. ದೊಡ್ಡಮ್ಮನ ಹತ್ತಿರ ಹೇಳಿಕೊಂಡೆ. ಅವರು ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, "ಅವರ ಹತ್ತಿರ ನಾನು ಜಗಳ ಮಾಡದ ವಿಷಯ ಇಲ್ಲ, ಆ ಬೋಟೊಂದನ್ನು ಬಿಟ್ಟು" ಎಂದರು. ಅಷ್ಟೇ.

ಜುಲೈಯ ಒಂದು ಬೆಳಿಗ್ಗೆ ಉಪ್ಪಿನಂಗಡಿಯಿಂದ ಸುದ್ದಿ ಬಂತು: ಎರಡೂ ನದಿ ಅಪಾಯದ ಮಟ್ಟದಲ್ಲಿ. ನಮ್ಮಲ್ಲಿ ಮಳೆ ಜಿನುಗು ಮಾತ್ರ. ನೀರು ಕಂದಾಗಿ, ಮರದ ಕೊಂಬೆ, ತೆಂಗಿನ ಮಡಲು ಎಳೆದುಕೊಂಡು ಹೋಗುತ್ತಿತ್ತು. ಕೆಳಗಿನ ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ನಾನು ಕೆಲಸಕ್ಕೆ ರಜೆ ಹೇಳಿ ಸೀದಾ ಲೀಲಕ್ಕನ ಮನೆಗೆ ಹೋದೆ. ಅವರು ಅತ್ತೆಗೆ ಗಂಜಿ ಕುಡಿಸುತ್ತಿದ್ದರು.

"ಲೀಲಕ್ಕ, ಈಗಲೇ ಹೊರಡಿ. ಬೋಟನ್ನು ನಂಬ್ಬೇಡಿ. ಅದರ ಪೆಟ್ರೋಲ್ ಕೆಟ್ಟಿದೆ, ಅರ್ಧದಲ್ಲಿ ನಿಲ್ತದೆ."

ಅವರು ನನ್ನ ಮುಖವನ್ನೇ ನೋಡಿದರು. ಗಂಜಿಯ ಬಟ್ಟಲು ಕೆಳಗಿಟ್ಟರು. "ವಾಸಣ್ಣನಿಗೆ ಗೊತ್ತುಂಟಾ?" ಎಂದರು. ನಾನು ಉತ್ತರ ಕೊಡುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿ ಹತ್ತಿದರು. ನಾನು ಹಿಂದೆ ಓಡಿದೆ.

ನಮ್ಮ ಜಗಲಿಯಲ್ಲಿ ಓಣಿಯ ಹತ್ತು ಹನ್ನೆರಡು ಜನ ಸೇರಿದ್ದರು. ನೀರು ಎಷ್ಟು ಬರಬಹುದು, ಯಾವಾಗ ಬೋಟು ಇಳಿಸುವುದು ಎಂದು ಮಾತು ನಡೆದಿತ್ತು. ದೊಡ್ಡಪ್ಪ ಮಧ್ಯದಲ್ಲಿ ಕುರ್ಚಿಯಲ್ಲಿದ್ದರು. ಲೀಲಕ್ಕ ಅಂಗಳದಲ್ಲಿಯೇ ನಿಂತು ಕೇಳಿದರು, ದನಿಯೇರಿಸದೆ.

"ವಾಸಣ್ಣ, ನಿಮ್ಮ ಬಾಯಿಂದ ಒಂದು ಮಾತು ಬೇಕು. ಬೋಟ್ ಹೊರಡ್ತದಾ ಇಲ್ವಾ?"

ಎಲ್ಲರೂ ನಕ್ಕರು, ಇದೊಂದು ಕೇಳುವ ಪ್ರಶ್ನೆಯೇ ಎಂಬಂತೆ. ಒಬ್ಬರು, "ವಾಸಣ್ಣನ ಬೋಟ್ ಹೊರಡದೆ ಮತ್ತೆ?" ಎಂದರು. ದೊಡ್ಡಪ್ಪ ನಗಲಿಲ್ಲ. ಅವರ ಕಣ್ಣು ನನ್ನ ಮೇಲೆ ಬಿತ್ತು, ಅಲ್ಲಿಂದ ಲೀಲಕ್ಕನ ಮೇಲೆ ಹೋಯಿತು. ನನಗೆ ಓಡಿಹೋಗೋಣ ಅನ್ನಿಸಿತು. ಅವರು ಹೊರಡ್ತದೆ ಎಂದುಬಿಟ್ಟರೆ ಓಣಿಯೆಲ್ಲ ಅವರನ್ನೇ ನಂಬುತ್ತದೆ, ನನ್ನನ್ನಲ್ಲ, ಅದು ನನಗೆ ಗೊತ್ತಿತ್ತು.

"ಭರವಸೆ ಇಲ್ಲ" ಎಂದರು ದೊಡ್ಡಪ್ಪ. ಕುರ್ಚಿಯಿಂದ ಎದ್ದು ನಿಂತು ಮತ್ತೊಮ್ಮೆ ಹೇಳಿದರು, "ಭರವಸೆ ಇಲ್ಲ ಲೀಲಾ. ನೀನು ಅತ್ತೆಯನ್ನು ಈಗಲೇ ಮೇಲೆ ತಾ. ಎಲ್ಲರೂ ಹೊರಡಿ. ಬೋಟಿಗೆ ಕಾಯ್ಬೇಡಿ."

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಅರ್ಧ ಗಂಟೆಯಲ್ಲಿ ಓಣಿ ಸಂತೆಯಾಯಿತು. ಅಕ್ಕಿಚೀಲ, ಗ್ಯಾಸ್ ಸಿಲಿಂಡರ್, ಟಿ.ವಿ., ಶಾಲೆಯ ಚೀಲಗಳು ಮೇಲೆ ಹೋದವು. ಗಿರಿಜಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ನಾಲ್ಕು ಜನ ಹೊತ್ತರು. ಅವರು ಕೂಗಿದರು. ಓಣಿ ಹತ್ತಿ ರಸ್ತೆ ದಾಟುವವರೆಗೂ ಕೂಗಿದರು. ಲೀಲಕ್ಕ ಕುರ್ಚಿಯ ಪಕ್ಕದಲ್ಲಿ ಅತ್ತೆಯ ಕೈ ಹಿಡಿದು, ಅತ್ತ ಇತ್ತ ನೋಡದೆ ನಡೆದರು.

ನಾನು ಶೆಡ್ಡಿಗೆ ಹೋದರೆ ದೊಡ್ಡಪ್ಪ ಅಲ್ಲಿದ್ದರು. ಎಂಜಿನಿನ ಹೊದಿಕೆ ತೆಗೆದಿದ್ದರು. ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಚಿತ್ರಾ, ಆ ಕ್ಯಾನ್ ತಾ" ಎಂದರು. ಪೂಜೆಯ ಪೆಟ್ರೋಲನ್ನು ಅವರೇ ತಮ್ಮ ಕೈಯಾರೆ ಕ್ಯಾನಿಗೆ ಬಗ್ಗಿಸಿದರು. ಕೊನೆಗೆ ಬಂದದ್ದು ನೀರು ನೀರಾಗಿತ್ತು. ನಾನು ಕಾರ್ಬ್ಯುರೇಟರ್ ಬಿಚ್ಚಿದೆ. ಒಳಗೆ ಹಲಸಿನ ಮೇಣದಂಥ ಅಂಟು. ಕೂದಲೆಳೆಯಷ್ಟು ಸಣ್ಣ ತೂತುಗಳಲ್ಲಿ ಎರಡು ಪೂರ್ತಿ ಮುಚ್ಚಿಹೋಗಿದ್ದವು. ಒಂದೊಂದನ್ನೇ ತಂತಿಯಿಂದ ಬಿಡಿಸುತ್ತಾ ಕೂತೆ. ಅವರು ಟಾರ್ಚ್ ಹಿಡಿದರು.

"ಹೋದ ವರ್ಷವೇ ನಿಂತಿತ್ತು" ಎಂದರು ಅವರು, ಟಾರ್ಚಿನ ಬೆಳಕು ಅಲ್ಲಾಡಿಸದೆ. "ಓಣಿಯ ತಿರುವಿನಲ್ಲಿ. ಬೋಟಿನಲ್ಲಿ ನಾನೊಬ್ಬನೇ. ಹುಟ್ಟು ಹಾಕಿಕೊಂಡು ಬಂದೆ. ಯಾರಾದ್ರೂ ಕರೀತಾರಾ ಕೇಳ್ಲಿಕ್ಕೆ ನಾನೇ ಆಫ್ ಮಾಡಿದ್ದು ಅಂತ ಹೇಳಿದೆ. ಎಲ್ರೂ ನಂಬಿದ್ರು."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಸುಮ್ಮನಿದ್ದಿರಾ? ಲೀಲಕ್ಕ ನಿಮ್ಮನ್ನು ನಂಬಿ ಆ ಮುದುಕಿಯನ್ನು ಮಂಚದಲ್ಲಿ ಮಲಗಿಸಿಕೊಂಡು ಕೂತಿದ್ರಲ್ಲ."

"ಮೊದಲು ಮಳೆ ಸುರುವಾದ್ರೆ ಈ ಓಣಿಯಲ್ಲಿ ಯಾರೂ ನಿದ್ದೆ ಮಾಡ್ತಿರ್ಲಿಲ್ಲ" ಎಂದರು ದೊಡ್ಡಪ್ಪ. "ರಾತ್ರಿಯಿಡೀ ಟಾರ್ಚ್ ಹಿಡ್ಕೊಂಡು ಮೆಟ್ಟಿಲಿಗೆ ಹೋಗುವುದು, ಬರುವುದು. ಮಕ್ಕಳಿಗೆ ಚಪ್ಪಲಿ ಹಾಕಿಯೇ ಮಲಗಿಸುವುದು. ಬೋಟ್ ಬಂದ ಮೇಲೆ ನಿದ್ದೆ ಬಂತು. ಆ ನಿದ್ದೆ ಕೆಡಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಮದ್ದು ಒಂದು ಮುಚ್ಚಳ ಹೆಚ್ಚು ಹಾಕಿದ್ರೆ ಈ ವರ್ಷ ಸರಿಯಾದೀತು ಅಂತ ಎಣಿಸಿದೆ."

ನಾನು ಮುಂದಿನ ತೂತಿಗೆ ತಂತಿ ತೂರಿಸಿದೆ. ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ಅವರ ಮೇಲೆ ಪಾಪ ಎಂಬ ಭಾವನೆಯೂ ಬಂದು ಕೂತಿತು. ಎರಡೂ ಒಂದಕ್ಕೊಂದು ಜಾಗ ಬಿಡಲಿಲ್ಲ.

ಆ ದಿನ ನೀರು ಮೇಲಿನ ಮೆಟ್ಟಿಲಿಗೆ ಬಂದು ನಿಂತಿತು. ಸಂಜೆಯ ಹೊತ್ತಿಗೆ ಇಳಿಯತೊಡಗಿತು. ಓಣಿಗೆ ಬರಲೇ ಇಲ್ಲ. ಮರುದಿನ ಎಲ್ಲರೂ ಅಕ್ಕಿಚೀಲ, ಸಿಲಿಂಡರ್ ಹೊತ್ತು ಮರಳಿ ಇಳಿದರು. ಕೆಲವರು ಗೊಣಗಿದರು. ಒಬ್ಬರು ನನಗೆ ಕೇಳುವಂತೆಯೇ, "ಬೈಕ್ ರಿಪೇರಿಯವಳ ಮಾತು ಕೇಳಿ ಸೊಂಟ ಹೋಯಿತು" ಎಂದರು. ಗಿರಿಜಮ್ಮ ಮತ್ತೆ ಅನ್ನ ಬಿಟ್ಟರು. ಲೀಲಕ್ಕ ಮಾತ್ರ ಅತ್ತೆಯನ್ನು ನೆಂಟರ ಮನೆಯಲ್ಲಿಯೇ ಉಳಿಸಿಕೊಂಡರು. ಮಳೆಗಾಲ ಮುಗಿಯುವವರೆಗೆ ಕೆಳಗೆ ತರುವುದಿಲ್ಲ ಎಂದರಂತೆ. ಅದಾದ ಮೇಲೆ ದಾರಿಯಲ್ಲಿ ಸಿಕ್ಕರೆ ನನ್ನ ಹತ್ತಿರ ಮಾತಾಡುತ್ತಿದ್ದರು, ದೊಡ್ಡಪ್ಪನ ಹತ್ತಿರ ಇಲ್ಲ.

ಎಂಜಿನ್ ಈಗ ಸರಿಯಾಗಿತ್ತು. ಪಂಪಿನಿಂದ ಹೊಸ ಪೆಟ್ರೋಲ್ ತಂದೆವು. ಅದಕ್ಕೆ ಅಳತೆ ಮೀರದಂತೆ ಮದ್ದು ಸೇರಿಸಿದೆವು. ಡ್ರಮ್ಮಿನಲ್ಲಿ ಓಡಿಸಿದೆವು, ಮದ್ದು ಸೇರಿದ ಪೆಟ್ರೋಲ್ ಕಾರ್ಬ್ಯುರೇಟರಿನವರೆಗೂ ತಲುಪಲಿ ಎಂದು. ಟ್ಯಾಂಕಿಗೆ ಗಾಳಿ ಬಿಡುವ ತಿರುಪನ್ನು ಎಂಜಿನ್ ಓಡಿಸುವಾಗ ಬಿಚ್ಚುವುದು, ಇಡುವಾಗ ಬಿಗಿ ಮಾಡುವುದು, ನೀರು ಬೇರ್ಪಡಿಸುವ ಒಂದು ಫಿಲ್ಟರ್ ಮಧ್ಯದಲ್ಲಿ ಕೂರಿಸುವುದು, ಇದನ್ನೆಲ್ಲ ದೊಡ್ಡಪ್ಪ ಶ್ರದ್ಧೆಯಿಂದ ಮಾಡಿದರು. ಪ್ರತಿ ಭಾನುವಾರ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದೆವು. ಹಗ್ಗ ಎಳೆದ ಕೂಡಲೇ ಏಳುತ್ತಿತ್ತು, ಒಂದು ಕೆಮ್ಮಿಲ್ಲ. ಆದರೆ ನೋಡಲು ಯಾರೂ ಬರುತ್ತಿರಲಿಲ್ಲ. ದೊಡ್ಡಮ್ಮ ಅಭ್ಯಾಸಬಲದಿಂದ ಹೆಚ್ಚು ಚಹಾ ಮಾಡಿ, ಅದನ್ನು ನಾವು ಮೂವರೇ ಎರಡೆರಡು ಲೋಟ ಕುಡಿಯುತ್ತಿದ್ದೆವು. ದೊಡ್ಡಪ್ಪ ಸದ್ದು ಹೊರಗೆ ಹೋಗಲಿ ಎಂದು ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಡುತ್ತಿದ್ದರು. ಅದು ನನಗೆ ಕಂಡಿತ್ತು, ಕಾಣದಂತೆ ಇದ್ದೆ.

ಓಣಿಯ ನಿದ್ದೆ ಹೋಗಿತ್ತು. ಎಲ್ಲರ ಬಾಗಿಲ ಹಿಂದೆಯೂ ಕಟ್ಟಿಟ್ಟ ಚೀಲಗಳು. ಜುಲೈ ನಡುವಿಗೆ ಸುರುವಾಗುವ ಆಟಿ ತಿಂಗಳ ಮಳೆ ತಗಡಿನ ಮೇಲೆ ಬಡಿಯುವಾಗ ಯಾರಾದರೊಬ್ಬರು ಟಾರ್ಚ್ ಹಿಡಿದು ಮೆಟ್ಟಿಲಿಗೆ ಹೋಗುತ್ತಿದ್ದರು. ಕಿಟಕಿಯಿಂದ ಆ ಬೆಳಕು ಕಂಡಾಗ ನನಗೂ ಮಲಗಲಾಗುತ್ತಿರಲಿಲ್ಲ. ನಿಜ ಹೇಳಿ ಇವರ ನೆಮ್ಮದಿ ಕಸಿದುಕೊಂಡೆನೇ ಎಂದು ಯೋಚಿಸುತ್ತಿದ್ದೆ. ಇಲ್ಲ, ಹೇಳಲೇಬೇಕಿತ್ತು ಎಂದು ನನಗೆ ನಾನೇ ಉತ್ತರ ಕೊಡುತ್ತಿದ್ದೆ. ಮತ್ತೆ ಹೊರಳುತ್ತಿದ್ದೆ.

ಆಗಸ್ಟಿನಲ್ಲಿ ನಿಜವಾದ ನೀರು ಬಂತು. ಚಾರ್ಮಾಡಿ ಕಡೆ ಎಡೆಬಿಡದೆ ಸುರಿದ ಮಳೆಗೆ ನೇತ್ರಾವತಿ ಬೆಳಿಗ್ಗೆಯೇ ಮೆಟ್ಟಿಲು ದಾಟಿ, ಯಾರ ಹತ್ತಿರವೂ ಕೇಳದೆ ಓಣಿಗೆ ನುಗ್ಗಿತು. ಓಣಿಯ ಗೋಡೆಗಳ ಹಳೆಯ ಗೆರೆಗಳನ್ನು ಒಂದೊಂದಾಗಿ ನುಂಗಿತು. ಮಧ್ಯಾಹ್ನಕ್ಕೆ ಲೀಲಕ್ಕನ ಮನೆಯ ಕಿಟಕಿ ಅರ್ಧ ಮುಳುಗಿತ್ತು. ಗಿರಿಜಮ್ಮನ ಮಂಚ ಇದ್ದ ಕೋಣೆಯ ಕಿಟಕಿ ಅದು.

ಆ ಹೊತ್ತಿಗೆ ನಾವು ಬೋಟ್ ಇಳಿಸಿಯಾಗಿತ್ತು. ಬೇರೆಯವರು ಮೇಲೆ ರಸ್ತೆಯ ಆಚೆ ಸಾಮಾನು ಜೋಡಿಸುವುದರಲ್ಲಿದ್ದರು. ನಾನು ಮತ್ತು ದೊಡ್ಡಪ್ಪ ಲೈಫ್ ಜಾಕೆಟ್ ಹಾಕಿಕೊಂಡೆವು. ಅವರು ಮುಂದೆ ಹುಟ್ಟು ಹಿಡಿದು ಕೂತರು, ಎಂಜಿನಿನ ಹಿಡಿಕೆ ನನ್ನ ಕೈಯಲ್ಲಿ. ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಎದ್ದಿತು. ದೊಡ್ಡಪ್ಪ ತಿರುಗಿ ನನ್ನನ್ನು ನೋಡಿದರು. ಆ ಮುಖದಲ್ಲಿದ್ದ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಓಣಿಯ ಎರಡು ಗೋಡೆಗಳ ಮಧ್ಯೆ ಕಂದು ನೀರಿನ ಮೇಲೆ ನಿಧಾನಕ್ಕೆ ಇಳಿದೆವು. ನಿನ್ನೆಯವರೆಗೆ ನಡೆದುಕೊಂಡು ಹೋದ ದಾರಿ. ದೊಡ್ಡಪ್ಪ ಮೊದಲ ಮನೆಯ ಮುಂದೆ ಎದ್ದು ನಿಂತು ಕರೆದರು. ಬಾಗಿಲಿಗೆ ಬೀಗ. ಎರಡನೆಯದಕ್ಕೂ ಬೀಗ. ಆಚೆಯದ್ದಕ್ಕೆ ಬೀಗವೇ ನೀರಿನ ಅಡಿಗೆ ಹೋಗಿತ್ತು. ಒಂದೊಂದು ಮನೆಯ ಮುಂದೆಯೂ ನಾನು ವೇಗ ಇಳಿಸುತ್ತಿದ್ದೆ, ಅವರು ಕರೆಯುತ್ತಿದ್ದರು, ಕಿವಿಗೊಡುತ್ತಿದ್ದರು, ಕೈ ಸನ್ನೆ ಮಾಡಿ ಮುಂದೆ ಎನ್ನುತ್ತಿದ್ದರು. ಮಾಡಿನ ಮೇಲೆ ಯಾರೂ ಇಲ್ಲ, ಮಾಳಿಗೆಯ ಕಿಟಕಿಯಲ್ಲಿ ಯಾರೂ ಇಲ್ಲ. ಓಣಿಯವರೆಲ್ಲ ಬೆಳಗಾಗುವ ಮೊದಲೇ, ಬೋಟಿನ ದಾರಿ ಕಾಯದೆ, ಮೇಲೆ ಹೋಗಿ ಮುಗಿದಿತ್ತು. ಲೀಲಕ್ಕನ ಮನೆಯ ಹತ್ತಿರ ಬೋಟು ತಿರುಗಿಸಿದೆ. ದೊಡ್ಡಪ್ಪ ಗೋಡೆಗೆ ಹುಟ್ಟು ಆನಿಸಿ, ಆ ಕಿಟಕಿಯ ಸರಳುಗಳ ಮೂಲಕ ಒಳಗೆ ನೋಡಿದರು. ಒಳಗೆ ನೀರು ಮಾತ್ರ ಇತ್ತು.

"ಒಬ್ಬರೂ ಇಲ್ಲ" ಎಂದರು.

"ಒಳ್ಳೇದಾಯ್ತಲ್ಲ ದೊಡ್ಡಪ್ಪ."

"ಒಳ್ಳೇದೇ." ಸ್ವಲ್ಪ ಹೊತ್ತು ಎಂಜಿನಿನ ಸದ್ದು ಕೇಳುತ್ತಾ ಕೂತರು. "ಎಷ್ಟು ಚಂದ ಓಡ್ತದೆ ನೋಡು ಈಗ."

ನಾನು ಬೇಡಿದ್ದೂ ಅದನ್ನೇ, ಓಣಿಯಲ್ಲಿ ಒಬ್ಬರೂ ಸಿಕ್ಕಿಹಾಕಿಕೊಳ್ಳಬಾರದೆಂದು. ಆದರೂ ನನಗೆ ಅಳು ಬಂತು. ಮಳೆ ಇತ್ತು, ಹಾಗಾಗಿ ಒರೆಸಿಕೊಳ್ಳುವ ಕೆಲಸ ಇರಲಿಲ್ಲ. ಬೋಟನ್ನು ಓಣಿಯ ಮೇಲ್ತುದಿಗೆ ತಂದೆ. ಇಳಿಯುವ ಜಾಗ ಬಂದಾಗ ದೊಡ್ಡಪ್ಪ ಏಳಲಿಲ್ಲ.

"ಚಿತ್ರಾ, ಇನ್ನೊಂದು ಸುತ್ತು ಹೋಗುವ" ಎಂದರು. "ಯಾರಾದ್ರೂ ಇದ್ರೆ?"

ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಬೋಟು ತಿರುಗಿಸಿ ಮತ್ತೆ ಓಣಿಗೆ ಇಳಿ‌ಸಿದೆ. ಎಂಜಿನ್ ಒಂದು ಸಲವೂ ತಡವರಿಸಲಿಲ್ಲ. ದೊಡ್ಡಪ್ಪ ಮುಂದೆ ನಿಂತು, ಒಂದೊಂದು ಮನೆಯ ಎದುರೂ ಅವರವರ ಹೆಸರು ಹಿಡಿದು ಕರೆಯುತ್ತಾ ಹೋದರು.